ಒಪ್ಪಿಕೊಂಡರೆ ಬಿಟ್ಟುಬಿಡುವುದೇ? ಭ್ರಷ್ಟಾಚಾರಕ್ಕೆ ಸತ್ಯ ಆಯೋಗದ ಮದ್ದು

ಪ್ರಶ್ನೆ: ದೊಡ್ಡ ಅಧಿಕಾರಿಗಳು ಮತ್ತು ರಾಜಕಾರಣಿಗಳ ಮೇಲಿನ ಭ್ರಷ್ಟಾಚಾರದ ಮೊಕದ್ದಮೆಗಳು ವರ್ಷಗಟ್ಟಲೆ ನಡೆಯುತ್ತವೆ, ಸಾಕ್ಷಿಗಳು ತಿರುಗಿಬೀಳುತ್ತಾರೆ, ಕೊನೆಗೆ ಎಲ್ಲರೂ ಖುಲಾಸೆಯಾಗುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಕೊಲೆ ಮಾಡಿದವರೇ ಬಂದು ಎಲ್ಲರೆದುರು ನಿಜ ಹೇಳಿದರು ಎಂದು ಓದಿದ್ದೇನೆ. ಅಂಥ ಸತ್ಯ ಆಯೋಗವನ್ನು ಲಂಚ, ಸರ್ಕಾರಿ ಹಣದ ಲೂಟಿ, ಅಧಿಕಾರಿಗಳ ಕೃಪೆಯಲ್ಲಿ ನಡೆಯುವ ಅಪರಾಧ ಇವನ್ನು ಬಯಲಿಗೆಳೆಯಲು ಏಕೆ ಬಳಸಬಾರದು? ಒಪ್ಪಿಕೊಂಡವರನ್ನೆಲ್ಲ ಬಿಟ್ಟುಬಿಟ್ಟರೆ ಅದು ನ್ಯಾಯವಾಗುತ್ತದೆಯೇ? ಫಲ ಕಾಣಲು ಎಷ್ಟು ಕಾಲ ಬೇಕು?

ಉತ್ತರ: ಬಳಸಬಹುದು. ಕೆಲವು ದೇಶಗಳು ಬಳಸಿಯೂ ಇವೆ. ಆದರೆ ದಕ್ಷಿಣ ಆಫ್ರಿಕಾದ ಆ ದೃಶ್ಯವನ್ನು ಮೆಚ್ಚುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅಲ್ಲಿ ಬಂದು ಬಾಯಿಬಿಟ್ಟ ಪೊಲೀಸರಲ್ಲಿ ಪಶ್ಚಾತ್ತಾಪದಿಂದ ಬೆಂದು ಬಂದವರಿಗಿಂತ ಜೈಲಿಗೆ ಹೆದರಿ ಬಂದವರೇ ಹೆಚ್ಚು. ನಿಮ್ಮ ಮೂರೂ ಪ್ರಶ್ನೆಗಳ ಉತ್ತರ ಆ ಹೆದರಿಕೆಯ ಸುತ್ತಲೇ ಇದೆ. ಈ ಆಯೋಗಗಳ ವರದಿಗಳನ್ನೂ ವಿಚಾರಣೆಯ ದಾಖಲೆಗಳನ್ನೂ ಓದುವುದು ನನ್ನ ವೃತ್ತಿಯ ಭಾಗ. ಓದುತ್ತ ಹೋದಂತೆ ಭಕ್ತಿ ಕಡಿಮೆಯಾಗಿ ಕುತೂಹಲ ಹೆಚ್ಚಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಸತ್ಯ ಆಯೋಗ ಎಂದರೆ ಸರ್ಕಾರವೇ ಅಧಿಕೃತವಾಗಿ ನೇಮಿಸುವ, ಕೆಲವೇ ವರ್ಷ ಬದುಕುವ ತಾತ್ಕಾಲಿಕ ಸಂಸ್ಥೆ. ಒಂದು ಕಾಲಾವಧಿಯಲ್ಲಿ ನಡೆದ ಅನ್ಯಾಯಗಳ ಒಟ್ಟು ಚಿತ್ರವನ್ನು ಕಟ್ಟಿಕೊಡುವುದು ಅದರ ಕೆಲಸ. ಜೈಲಿಗೆ ಕಳಿಸುವ ಅಧಿಕಾರ ಅದಕ್ಕಿಲ್ಲ. ಈ ಬಗೆಯ ಮೊದಲ ಆಯೋಗಗಳಲ್ಲಿ ಒಂದನ್ನು 1974ರಲ್ಲಿ ನೇಮಿಸಿದವನು ಉಗಾಂಡದ ಇದಿ ಅಮೀನ್ ಎಂದರೆ ನಂಬುತ್ತೀರಾ? ತನ್ನದೇ ಆಡಳಿತದಲ್ಲಿ ಕಾಣೆಯಾದವರ ಬಗ್ಗೆ ತನಿಖೆ ಮಾಡಿ ಎಂದ. ಸದಸ್ಯರು ಆ ಮಾತನ್ನು ನಿಜವೆಂದೇ ತಿಳಿದು ತನಿಖೆ ಮಾಡಿಬಿಟ್ಟರು. ವರದಿ ಪ್ರಕಟವಾಗಲಿಲ್ಲ. ಅಧ್ಯಕ್ಷರಾಗಿದ್ದ ಪಾಕಿಸ್ತಾನಿ ನ್ಯಾಯಾಧೀಶರು ಸರ್ಕಾರಿ ಹುದ್ದೆ ಕಳೆದುಕೊಂಡರು, ಸದಸ್ಯರೊಬ್ಬರು ದೇಶ ಬಿಟ್ಟು ಓಡಬೇಕಾಯಿತು. ಅಂದಿನಿಂದ ಇಂದಿನವರೆಗೆ ಆಯೋಗವನ್ನು ಯಾರು, ಯಾವ ಉದ್ದೇಶಕ್ಕೆ ನೇಮಿಸುತ್ತಾರೆ ಎಂಬ ಅನುಮಾನ ಈ ಕ್ಷೇತ್ರವನ್ನು ಬಿಟ್ಟಿಲ್ಲ, ಬಿಡಲೂ ಬಾರದು.

ಕೊಲೆಯ ಜೊತೆಗೆ ಹಣದ ಲೂಟಿಯನ್ನೂ ಒಂದೇ ಆಯೋಗದ ಮಡಿಲಿಗೆ ಹಾಕುವುದು ಕೂಡ ಹೊಸ ಯೋಚನೆಯಲ್ಲ. ಮಧ್ಯ ಆಫ್ರಿಕಾದ ಚಾಡ್ 1990ರ ಕೊನೆಯಲ್ಲಿ ಹಿಸೇನ್ ಹಾಬ್ರೆಯ ಆಡಳಿತ ಕುಸಿದಾಗ ನೇಮಿಸಿದ ಆಯೋಗದ ಹೆಸರಿನಲ್ಲೇ ಅವನ ಅಪರಾಧಗಳ ಜೊತೆ ಹಣದ ದುರುಪಯೋಗವೂ ಸೇರಿತ್ತು. ಆದರೆ ಆ ಆಯೋಗಕ್ಕೆ ಕೂರಲು ಬೇರೆ ಕಟ್ಟಡ ಸಿಗದೆ, ಹಾಬ್ರೆಯ ರಹಸ್ಯ ಪೊಲೀಸರು ಜನರನ್ನು ಕೂಡಿಹಾಕಿ ಹಿಂಸಿಸುತ್ತಿದ್ದ ಕಟ್ಟಡದಲ್ಲೇ ಕಚೇರಿ ತೆರೆಯಬೇಕಾಯಿತು. ಹೇಳಿಕೆ ಕೊಡಬೇಕಾದವರು ಆ ಬಾಗಿಲವರೆಗೆ ಬಂದು ಒಳಗೆ ಕಾಲಿಡಲು ಹೆದರಿದರು. ಆಯೋಗದ ಕಾನೂನನ್ನು ಬರೆಯುವವರು ಕಲಂಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ, ಹೇಳಿಕೆ ಬರೆದುಕೊಳ್ಳುವ ಕೋಣೆ ಎಲ್ಲಿರಬೇಕು ಎಂದು ಕೇಳುವವರು ಕಡಿಮೆ.

ಈಗ, ನ್ಯಾಯಾಲಯ ಮಾಡಲಾಗದ ಯಾವ ಕೆಲಸವನ್ನು ಆಯೋಗ ಮಾಡುತ್ತದೆ ಎಂಬುದನ್ನು ನೋಡೋಣ. ನ್ಯಾಯಾಲಯ ಕೇಳುವುದು ಈ ಮನುಷ್ಯ, ಈ ದಿನ, ಈ ಹಣ ತೆಗೆದುಕೊಂಡನೇ ಎಂದು. ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತಾಗದಿದ್ದರೆ ಅವನು ಬಿಡುಗಡೆ. ಹಾಗಿರಬೇಕಾದದ್ದೂ ಸರಿಯೇ. ಆಯೋಗ ಕೇಳುವುದು ಆ ಲಂಚದ ಅಂಗಡಿ ನಡೆಯುತ್ತಿದ್ದದ್ದು ಹೇಗೆ ಎಂದು. ಯಾರು ಬಾಗಿಲು ತೆಗೆಯುತ್ತಿದ್ದರು, ಯಾರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಯಾವ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗುತ್ತಿತ್ತು, ಹಂಚಿಕೆ ಹೇಗೆ. ಲಂಚ ಎಂಬುದು ಒಬ್ಬನ ಪಾಪವಲ್ಲ, ಅದೊಂದು ಏರ್ಪಾಡು. ಆ ಏರ್ಪಾಡನ್ನು ವಿವರಿಸಬಲ್ಲವನು ಅದರೊಳಗೆ ಕೂತು ಉಂಡವನೇ.

ಇದಕ್ಕೆ ನಾನು ಸದಾ ಕೊಡುವ ಉದಾಹರಣೆ ಉತ್ತರ ಆಫ್ರಿಕಾದ ಟ್ಯುನೀಷಿಯಾದ್ದು. 2011ರಲ್ಲಿ ಜನ ಅಧ್ಯಕ್ಷ ಬೆನ್ ಅಲಿಯನ್ನು ಓಡಿಸಿದ ಮೇಲೆ, 2013ರ ಕೊನೆಯ ಕಾನೂನಿನಂತೆ ಸತ್ಯ ಮತ್ತು ಘನತೆ ಆಯೋಗ ಹುಟ್ಟಿತು. ಚಿತ್ರಹಿಂಸೆಯ ಜೊತೆ ಆರ್ಥಿಕ ಭ್ರಷ್ಟಾಚಾರವನ್ನೂ ತನಿಖೆ ಮಾಡುವ ಅಧಿಕಾರ ಅದಕ್ಕಿತ್ತು. ಅರವತ್ತೆರಡು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. 2017ರ ಮೇ ತಿಂಗಳ ಬಹಿರಂಗ ವಿಚಾರಣೆಯಲ್ಲಿ ಒಂದು ವಿಡಿಯೊ ತೋರಿಸಿದರು. ಮಾತನಾಡುತ್ತಿದ್ದವನು ಬೆನ್ ಅಲಿಯ ಹೆಂಡತಿಯ ಸೋದರಳಿಯ ಇಮೆದ್ ತ್ರಾಬೆಲ್ಸಿ. ಶಿಕ್ಷೆ ಅನುಭವಿಸುತ್ತಿದ್ದ ಜೈಲಿನಲ್ಲೇ ಚಿತ್ರೀಕರಿಸಿದ ಹೇಳಿಕೆ ಅದು. ಅವನು ಹೇಳಿದ್ದರಲ್ಲಿ ಒಂದು ಬಾಳೆಹಣ್ಣಿನ ಕಥೆ: ಕಸ್ಟಮ್ಸ್ ಅಧಿಕಾರಿಗಳ ನೆರವಿನಿಂದ ದೇಶಕ್ಕೆ ಬರುವ ಬಾಳೆಹಣ್ಣಿನ ವ್ಯಾಪಾರ ಹೆಚ್ಚುಕಡಿಮೆ ಅವನೊಬ್ಬನ ಕೈಯಲ್ಲೇ ಇತ್ತು. ಅವನ ಕಂಟೇನರ್‌ಗಳು ಬಂದರಿನಿಂದ ಸಲೀಸಾಗಿ ಹೊರಬೀಳುತ್ತಿದ್ದವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಬೇರೆ ವ್ಯಾಪಾರಿಗಳ ಪಾಲಿಗೆ ಮಾತ್ರ, ಅಧ್ಯಕ್ಷರ ನಂಟನ ಮುಂದೆ ಸುಂಕದವನೇ ಕೈಕಟ್ಟಿ ನಿಲ್ಲುತ್ತಿದ್ದ.

ಆ ಹೇಳಿಕೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆಯೇ ಇದೆ. ಕ್ರಾಂತಿಯಾಯಿತು ನಿಜ, ಆದರೆ ಅದೇ ವ್ಯವಸ್ಥೆ ಈಗಲೂ ನಡೆಯುತ್ತಿದೆ ಎಂದು ತನ್ನ ಕಿವಿಗೆ ಬೀಳುತ್ತಿದೆ ಎಂಬರ್ಥದಲ್ಲಿ ಅವನು ಹೇಳಿದ. ಒಬ್ಬ ತ್ರಾಬೆಲ್ಸಿಯನ್ನು ಶಿಕ್ಷಿಸಲು ನ್ಯಾಯಾಲಯ ಸಾಕು. ಅವನು ಜೈಲು ಸೇರಿದ ಮೇಲೂ ಅದೇ ಗೇಟಿನಲ್ಲಿ ಅದೇ ಕಂಟೇನರ್ ಹೇಗೆ ದಾಟುತ್ತಿದೆ ಎಂಬುದು ಯಾವ ದೋಷಾರೋಪ ಪಟ್ಟಿಯಲ್ಲೂ ಬರುವುದಿಲ್ಲ. ಅದನ್ನು ಕೇಳುವ ವೇದಿಕೆ ಆಯೋಗ ಮಾತ್ರ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಒಪ್ಪಿಕೊಂಡವರನ್ನು ಬಿಟ್ಟುಬಿಡುವುದು ಸತ್ಯ ಆಯೋಗದ ಲಕ್ಷಣ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಬಹುತೇಕ ಆಯೋಗಗಳಿಗೆ ಕ್ಷಮಾದಾನ ಕೊಡುವ ಅಧಿಕಾರವೇ ಇರಲಿಲ್ಲ. ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಂಧಾನ ಆಯೋಗ ಇದರಲ್ಲಿ ವಿಶೇಷ. ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳನ್ನು ತನಿಖೆ ಮಾಡಲು ನೇಮಕವಾಗಿ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ 1996ರ ಏಪ್ರಿಲ್‌ನಲ್ಲಿ ವಿಚಾರಣೆ ಆರಂಭಿಸಿದ ಈ ಆಯೋಗದ ಕ್ಷಮಾದಾನಕ್ಕೆ ಎರಡು ಬಿಗಿ ಷರತ್ತುಗಳಿದ್ದವು: ಕೃತ್ಯಕ್ಕೆ ರಾಜಕೀಯ ಉದ್ದೇಶ ಇರಬೇಕು, ಮತ್ತು ಅರ್ಜಿದಾರ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಪಶ್ಚಾತ್ತಾಪ ಪಡಬೇಕೆಂಬ ಷರತ್ತು ಇರಲಿಲ್ಲ. ಅರ್ಜಿ ಹಾಕಿದವರು 7,112 ಮಂದಿ. ಕ್ಷಮಾದಾನ ಸಿಕ್ಕಿದ್ದು 849 ಮಂದಿಗೆ. ತಿರಸ್ಕೃತರಲ್ಲಿ ಬಹಳಷ್ಟು ಜನ ಜೈಲಿನಲ್ಲಿದ್ದುಕೊಂಡು ತಮ್ಮ ಸಾಮಾನ್ಯ ಕಳ್ಳತನ, ಕೊಲೆಗಳಿಗೆ ರಾಜಕೀಯದ ಬಣ್ಣ ಹಚ್ಚಲು ನೋಡಿದವರು. ‘ಎಲ್ಲರನ್ನೂ ಬಿಟ್ಟುಬಿಟ್ಟರು’ ಎಂಬ ದೂರು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹೆದರಿಕೆಯ ಮಾತಿಗೆ ಬರುತ್ತೇನೆ. 1996ರಲ್ಲಿ, ಆಯೋಗ ಕೆಲಸ ಮಾಡುತ್ತಿದ್ದಾಗಲೇ, ಅಲ್ಲಿನ ನ್ಯಾಯಾಲಯಗಳಲ್ಲಿ ಎರಡು ದೊಡ್ಡ ಮೊಕದ್ದಮೆಗಳು ನಡೆಯುತ್ತಿದ್ದವು. ಒಂದರಲ್ಲಿ ವರ್ಣಭೇದ ಆಡಳಿತದ ಪೊಲೀಸ್ ಹಂತಕ ಪಡೆಯ ಮುಖ್ಯಸ್ಥ ಯೂಜೀನ್ ಡಿ ಕಾಕ್ ಆರೋಪಿ. ಅಕ್ಟೋಬರ್ ಕೊನೆಯಲ್ಲಿ ಅವನಿಗೆ ಎರಡು ಜೀವಾವಧಿ ಮತ್ತು 212 ವರ್ಷಗಳ ಶಿಕ್ಷೆಯಾಯಿತು. ಇನ್ನೊಂದರಲ್ಲಿ ಮಾಜಿ ರಕ್ಷಣಾ ಸಚಿವ ಮ್ಯಾಗ್ನಸ್ ಮಲಾನ್ ಮತ್ತು ಸೇನಾಧಿಕಾರಿಗಳು ಆರೋಪಿಗಳು. ಅದೇ ಅಕ್ಟೋಬರ್‌ನಲ್ಲಿ ಅವರು ಖುಲಾಸೆಯಾದರು. ಪರಿಣಾಮ ಕನ್ನಡಿಯಷ್ಟು ಸ್ಪಷ್ಟ. ಡಿ ಕಾಕ್ ಸಿಕ್ಕಿಬಿದ್ದದ್ದನ್ನು ನೋಡಿದ ಭದ್ರತಾ ಪೊಲೀಸರು ಕ್ಷಮಾದಾನದ ಅರ್ಜಿ ಹಿಡಿದು ಸಾಲುಗಟ್ಟಿದರು. ಮಲಾನ್ ಪಾರಾದದ್ದನ್ನು ನೋಡಿದ ಸೇನೆಯವರು ಹೆಚ್ಚಾಗಿ ಮನೆಯಲ್ಲೇ ಉಳಿದರು. ಆಯೋಗ ಅದೇ, ಕಾನೂನು ಅದೇ, ವಿಚಾರಣೆಯಲ್ಲಿ ಟುಟು ಸುರಿಸಿದ ಕಣ್ಣೀರೂ ಅದೇ. ಬೇರೆಯಾಗಿದ್ದದ್ದು ಬೆನ್ನ ಹಿಂದೆ ನ್ಯಾಯಾಲಯದ ಬೆತ್ತ ಇದೆಯೋ ಇಲ್ಲವೋ ಎಂಬುದು ಮಾತ್ರ.

ಆದ್ದರಿಂದ ‘ನ್ಯಾಯಾಲಯ ಸೋತಿದೆ, ಅದರ ಬದಲು ಆಯೋಗ ಮಾಡೋಣ’ ಎಂಬ ನಿಮ್ಮ ತರ್ಕವನ್ನು ನಾನು ಒಪ್ಪಲಾರೆ. ನ್ಯಾಯಾಲಯ ಪೂರ್ತಿ ಸೋತಿರುವ ಕಡೆ ಆಯೋಗದ ಮುಂದೆ ಬಾಯಿಬಿಡುವ ದಡ್ಡ ಭ್ರಷ್ಟ ಯಾರೂ ಇರುವುದಿಲ್ಲ. ಕನಿಷ್ಠ ಒಂದಿಬ್ಬರು ದೊಡ್ಡವರಾದರೂ ಒಳಗೆ ಹೋಗಿರಬೇಕು. ಆಗ ಉಳಿದವರು ವಕೀಲರ ಮನೆಗೆ ಹೋಗಿ ಕೇಳುತ್ತಾರೆ: ಮೊದಲು ಹೋಗಿ ಹೇಳಿದರೆ ನನಗೇನು ಸಿಗುತ್ತದೆ?

ಆ ‘ಏನು ಸಿಗುತ್ತದೆ’ ಎಂಬಲ್ಲಿ ಕೊಲೆಗೂ ಕಳವಿಗೂ ವ್ಯತ್ಯಾಸವಿದೆ. ದಕ್ಷಿಣ ಆಫ್ರಿಕಾದ ಕಾನೂನು ಸ್ವಂತ ಲಾಭಕ್ಕಾಗಿ ಮಾಡಿದ ಕೃತ್ಯಗಳನ್ನು ಕ್ಷಮಾದಾನದಿಂದ ಹೊರಗಿಟ್ಟಿತ್ತು. ಕೊಲೆಗಾರ ‘ದೇಶಕ್ಕಾಗಿ ಮಾಡಿದೆ’ ಎನ್ನಬಹುದಿತ್ತು, ಲಂಚಕೋರ ಹಾಗೆನ್ನುವಂತಿರಲಿಲ್ಲ. ನೈತಿಕವಾಗಿ ಇದು ಸರಿಯೆನಿಸುತ್ತದೆ. ಆದರೆ ಇದರ ಅಡ್ಡಪರಿಣಾಮವಾಗಿ, ಹೊರದೇಶಗಳು ಹೇರಿದ್ದ ನಿರ್ಬಂಧಗಳನ್ನು ತಪ್ಪಿಸಲು ವರ್ಣಭೇದ ಸರ್ಕಾರ ಕಟ್ಟಿದ್ದ ಗುಪ್ತ ಹಣದ ಜಾಲ, ಶಸ್ತ್ರ ಖರೀದಿಯ ದಲ್ಲಾಳಿಗಳು, ವಿದೇಶಿ ಖಾತೆಗಳು ಇವೆಲ್ಲ ಆಯೋಗದ ಬೆಳಕಿಗೆ ಸರಿಯಾಗಿ ಬರಲೇ ಇಲ್ಲ. ಉದ್ಯಮಿಗಳ ಪಾತ್ರದ ಬಗ್ಗೆ 1997ರ ನವೆಂಬರ್‌ನಲ್ಲಿ ಕೆಲವು ದಿನ ವಿಚಾರಣೆ ನಡೆಸಿ ಮುಗಿಸಿದರು. ಬೇಲಿಯೇ ಎದ್ದು ಹೊಲ ಮೇಯುವ ರೂಢಿ ಹೊಸ ಆಡಳಿತಕ್ಕೂ ದಾಟಿತು. ಇಪ್ಪತ್ತು ವರ್ಷಗಳ ನಂತರ ಅದೇ ದೇಶ ಹಣದ ವಿಷಯಕ್ಕಾಗಿಯೇ ಇನ್ನೊಂದು ದೊಡ್ಡ ಆಯೋಗ ನೇಮಿಸಬೇಕಾಯಿತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕಳವಿನ ವಿಷಯದಲ್ಲಿ ಒಂದು ಅನುಕೂಲವೂ ಇದೆ. ಸತ್ತವರನ್ನು ಮರಳಿ ತರಲಾಗದು, ಹಣವನ್ನು ತರಬಹುದು. ಹಾಗಾಗಿ ಭ್ರಷ್ಟನೊಂದಿಗಿನ ಒಪ್ಪಂದದಲ್ಲಿ ‘ಹೇಳು’ ಎಂಬುದರ ಜೊತೆ ‘ಹಿಂತಿರುಗಿಸು’ ಎಂಬುದೂ ಇರಲೇಬೇಕು. ತನ್ನ ಮತ್ತು ತನ್ನ ಬೇನಾಮಿಗಳ ಆಸ್ತಿಯ ಪೂರ್ತಿ ಪಟ್ಟಿ ಕೊಡಬೇಕು. ಮೇಲೆ ಯಾರಿಗೆ ಕೊಟ್ಟೆ, ಕೆಳಗೆ ಯಾರಿಂದ ಪಡೆದೆ ಎಂದು ಹೇಳಬೇಕು. ಹುದ್ದೆ ಬಿಡಬೇಕು. ಪಟ್ಟಿಯಲ್ಲಿಲ್ಲದ ಒಂದು ಮನೆ ಹತ್ತು ವರ್ಷದ ನಂತರ ಸಿಕ್ಕರೂ ಒಪ್ಪಂದ ರದ್ದಾಗಿ ಮೊಕದ್ದಮೆ ಜೀವ ಪಡೆಯಬೇಕು. ಅರ್ಜಿಗೆ ಕೊನೆಯ ದಿನಾಂಕ ಇರಬೇಕು, ಅದನ್ನು ಮತ್ತೆ ಮತ್ತೆ ಮುಂದೂಡಬಾರದು. ಮತ್ತು ನನ್ನ ಖಚಿತ ಅಭಿಪ್ರಾಯ: ಚೀಲ ಹೊತ್ತ ಗುಮಾಸ್ತನಿಗೂ ಲೆಕ್ಕ ಬರೆದ ಲೆಕ್ಕಿಗನಿಗೂ ಮಾಫಿ ಸಿಗಲಿ, ಚೀಲ ತರಿಸಿಕೊಂಡ ಮಂತ್ರಿಗೆ ಬೇಡ. ನ್ಯಾಯಾಲಯಗಳಲ್ಲಿ ಮಾಫಿ ಸಾಕ್ಷಿಯ ಪದ್ಧತಿ ಇರುವುದೂ ಇದೇ ಲೆಕ್ಕಾಚಾರದ ಮೇಲೆ.

ಟ್ಯುನೀಷಿಯಾ ಈ ಲೆಕ್ಕವನ್ನು ತಲೆಕೆಳಗು ಮಾಡಿ ತೋರಿಸಿತು. ಆಯೋಗ ಇನ್ನೂ ಕೂತಿರುವಾಗಲೇ, 2015ರಲ್ಲಿ ಅಲ್ಲಿನ ಅಧ್ಯಕ್ಷರು ಅಧಿಕಾರಿಗಳಿಗೂ ಉದ್ಯಮಿಗಳಿಗೂ ಅನ್ವಯಿಸುವ ‘ಸಂಧಾನ’ದ ಮಸೂದೆ ತಂದರು. ‘ನಾನು ಕ್ಷಮಿಸಲಾರೆ’ ಎಂಬರ್ಥದ ಅರಬ್ಬಿ ಹೆಸರಿನ ಚಳವಳಿಯೊಂದು ಬೀದಿಗಿಳಿಯಿತು. ಗದ್ದಲದ ನಂತರ ಉದ್ಯಮಿಗಳ ಭಾಗವನ್ನು ಕೈಬಿಟ್ಟರು. 2017ರ ಸೆಪ್ಟೆಂಬರ್‌ನಲ್ಲಿ, ಮೇಲಿನವರ ಮಾತಿನಂತೆ ನಡೆದು ತಾವೇನೂ ಲಾಭ ಪಡೆಯದ ಸರ್ಕಾರಿ ನೌಕರರಿಗೆ ಕ್ಷಮಾದಾನ ಎಂಬ ಕಾನೂನು ಪಾಸಾಯಿತು. ಕೇಳಲು ನ್ಯಾಯವಾಗಿಯೇ ಇದೆ, ನಾನೇ ಈಗಷ್ಟೇ ಗುಮಾಸ್ತನ ಪರ ಮಾತನಾಡಿದೆನಲ್ಲವೇ? ಆದರೆ ಕ್ಷಮೆಗೆ ಪ್ರತಿಯಾಗಿ ಆ ನೌಕರ ಆಯೋಗದ ಮುಂದೆ ಬಂದು ಯಾರ ಮಾತಿನಂತೆ ನಡೆದೆ ಎಂದು ಹೇಳಬೇಕಾಗಿರಲಿಲ್ಲ. ಸರಕು ಪಡೆಯದೆ ಹಣ ಕೊಟ್ಟಂತಾಯಿತು. ಕೆಳಗಿನ ಸಾಕ್ಷಿ ಬಾಯಿಬಿಡಲು ಕಾರಣವೇ ಇಲ್ಲವಾದ ಮೇಲೆ ಮೇಲಿನವನಿಗೆ ಏನು ಭಯ? ಮುಂದೆ 2022ರಲ್ಲಿ ಬೇರೊಬ್ಬ ಅಧ್ಯಕ್ಷರು, ಉದ್ಯಮಿಗಳು ಹಣ ಕಟ್ಟಿ ಮೊಕದ್ದಮೆಯಿಂದ ಪಾರಾಗಬಹುದು ಎಂಬ ಆಜ್ಞೆ ಹೊರಡಿಸಿ 1,350 ಕೋಟಿ ದಿನಾರ್ ಬರುತ್ತದೆ ಎಂದರು. ಬಂದದ್ದು ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಆಯೋಗದ ಅಧ್ಯಕ್ಷೆಯಾಗಿದ್ದ ಸಿಹೆಮ್ ಬೆನ್‌ಸೆದ್ರಿನ್ ಅವರನ್ನೇ 2024ರ ಆಗಸ್ಟ್‌ನಲ್ಲಿ, ವರದಿಯ ಒಂದು ಭಾಗವನ್ನು ತಿದ್ದಿದರು ಎಂಬ ಆರೋಪದ ಮೇಲೆ ಬಂಧಿಸಿದರು. ಅವರು ಆರೋಪವನ್ನು ಅಲ್ಲಗಳೆದಿದ್ದಾರೆ.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಜಾಣತನದ ಬೇರೊಂದು ದಾರಿ ಹಿಡಿಯಿತು. 22 ವರ್ಷ ಆಳಿದ ಯಾಹ್ಯಾ ಜಾಮೆ 2017ರ ಜನವರಿಯಲ್ಲಿ ದೇಶ ಬಿಟ್ಟ ಮೇಲೆ ಎರಡು ಪ್ರತ್ಯೇಕ ಆಯೋಗಗಳು ಬಂದವು. ಜಾನೆ ಆಯೋಗ ಎಂದು ಹೆಸರಾದದ್ದು ಅವನ ಹಣದ ವ್ಯವಹಾರಗಳಿಗೆ ಮಾತ್ರ. ಕೊಲೆ, ಚಿತ್ರಹಿಂಸೆಗಳಿಗೆ ಇನ್ನೊಂದು. ಹಣದ ಆಯೋಗಕ್ಕೆ ಬೇಕಾದದ್ದು ಬ್ಯಾಂಕ್ ಸ್ಟೇಟ್‌ಮೆಂಟ್, ಜಮೀನಿನ ಪತ್ರ, ಲೆಕ್ಕಪರಿಶೋಧಕರು. ಕೊಲೆಯ ಆಯೋಗಕ್ಕೆ ಬೇಕಾದದ್ದು ತಾಳ್ಮೆಯಿಂದ ಕೇಳುವ ಕಿವಿ. ಒಂದೇ ಮೇಜಿನ ಮೇಲೆ ಎರಡನ್ನೂ ಇಟ್ಟರೆ ಸಾಮಾನ್ಯವಾಗಿ ಲೆಕ್ಕದ ಪುಸ್ತಕ ಸೋಲುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಅಳುತ್ತಿರುವಾಗ ಟೆಂಡರ್ ಕಡತದ ಪುಟ ತಿರುಗಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಬೇರೆಯಾಗಿ ಕೂತದ್ದರಿಂದ ಜಾನೆ ಆಯೋಗ 2019ರಲ್ಲೇ ವರದಿ ಕೊಟ್ಟಿತು, 30 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೋದದ್ದನ್ನು ತೋರಿಸಿತು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಟ್ರಸ್ಟ್ ಹೆಸರಿನಲ್ಲಿ ಸುಮಾರು 35 ಲಕ್ಷ ಡಾಲರ್‌ಗೆ ಕೊಂಡಿದ್ದ ಬಂಗಲೆಯೊಂದು 2022ರಲ್ಲಿ ಅಲ್ಲಿನ ನ್ಯಾಯಾಲಯದ ಆದೇಶದಂತೆ ಮುಟ್ಟುಗೋಲಾಯಿತು.

ಕೊಲೆಯ ಆಯೋಗದ ಮುಂದೆ 2019ರ ಜುಲೈಯಲ್ಲಿ ಜಾಮೆಯ ಖಾಸಗಿ ಹಂತಕ ಪಡೆಯ ಯೋಧರು ನೇರ ಪ್ರಸಾರದಲ್ಲಿ ಕೂತು ಯಾರನ್ನು ಎಲ್ಲಿ ಕೊಂದೆವು ಎಂದು ಹೇಳಿದರು. 2004ರಲ್ಲಿ ಕೊಲೆಯಾದ ಪತ್ರಕರ್ತ ದೈದಾ ಹೈದರಾ ಅವರ ಪ್ರಕರಣವೂ ಅದರಲ್ಲಿತ್ತು. ಹೇಳಿದ ಕೆಲವೇ ವಾರಗಳಲ್ಲಿ ಅವರನ್ನು ಬಿಡುಗಡೆ ಮಾಡಿದಾಗ ಸತ್ತವರ ಮನೆಯವರು ಸಿಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ಕೊಲೆಯಲ್ಲಿ ಪಾಲ್ಗೊಂಡಿದ್ದ ಚಾಲಕನೊಬ್ಬನಿಗೆ 2023ರ ನವೆಂಬರ್‌ನಲ್ಲಿ ಜರ್ಮನಿಯ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಇಷ್ಟೆಲ್ಲ ಬಾಯಿಮಾತಿನ ಬಗ್ಗೆ ಬರೆದೆ. ನಿಜ ಹೇಳಬೇಕೆಂದರೆ ಭ್ರಷ್ಟಾಚಾರದ ತನಿಖೆಯಲ್ಲಿ ನನಗೆ ಬಾಯಿಗಿಂತ ಕಾಗದದ ಮೇಲೆ ನಂಬಿಕೆ. ಭ್ರಷ್ಟರು ಲೆಕ್ಕ ಇಡುತ್ತಾರೆ, ಏಕೆಂದರೆ ಅವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಪೆರುವಿನ ಗುಪ್ತಚರ ವ್ಯವಸ್ಥೆಯನ್ನು ಕೈಯಲ್ಲಿಟ್ಟುಕೊಂಡಿದ್ದ ವ್ಲಾದಿಮಿರೊ ಮಾಂಟೆಸಿನೋಸ್ ತಾನು ಲಂಚ ಕೊಡುವುದನ್ನು ತಾನೇ ವಿಡಿಯೊ ಮಾಡಿಸಿ ಇಟ್ಟುಕೊಳ್ಳುತ್ತಿದ್ದ, ಪಡೆದವರಿಂದ ರಸೀದಿ ಬರೆಸಿಕೊಳ್ಳುತ್ತಿದ್ದ. ನಾಳೆ ಅವರು ಮಾತು ತಪ್ಪಿದರೆ ಹಿಡಿಯಲು ಒಂದು ಜುಟ್ಟು ಬೇಕಲ್ಲ! 2000ರ ಸೆಪ್ಟೆಂಬರ್ 14ರಂದು, ವಿರೋಧ ಪಕ್ಷದ ಸಂಸದನೊಬ್ಬನಿಗೆ ಪಕ್ಷ ಬದಲಿಸಲು 15,000 ಡಾಲರ್ ಎಣಿಸಿಕೊಡುವ ದೃಶ್ಯ ಟಿವಿಯಲ್ಲಿ ಬಂತು. ಎರಡೇ ತಿಂಗಳಲ್ಲಿ ಅಧ್ಯಕ್ಷ ಫುಜಿಮೊರಿ ಜಪಾನಿನಿಂದ ಫ್ಯಾಕ್ಸ್ ಮೂಲಕ ರಾಜೀನಾಮೆ ಕಳಿಸಿದ. ನಂತರ ಲೆಕ್ಕಗಳನ್ನು ಕೂಡಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಕುತೂಹಲಕರ: ನ್ಯಾಯಾಧೀಶರಿಗೂ ಸಂಸದರಿಗೂ ಕೊಟ್ಟದ್ದು ಚಿಲ್ಲರೆ, ಟಿವಿ ವಾಹಿನಿಗಳ ಮಾಲೀಕರಿಗೆ ಕೊಟ್ಟದ್ದು ಅದರ ಎಷ್ಟೋ ಪಟ್ಟು. ಆಳುವವನು ನಿಜವಾಗಿ ಯಾರಿಗೆ ಹೆದರುತ್ತಿದ್ದ ಎಂಬುದಕ್ಕೆ ಇದಕ್ಕಿಂತ ನಂಬಲರ್ಹ ಸಾಕ್ಷ್ಯ ಬೇಕೇ?

ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ ಅಂತರ್ಯುದ್ಧದ ಕಾಲದ ಅಪರಾಧಗಳಿಗೆ ನೇಮಿಸಿದ ಆಯೋಗ 1999ರಲ್ಲಿ ವರದಿ ಕೊಡುವವರೆಗೂ, ಹಳೆಯ ಕಡತಗಳಿಲ್ಲ ಎಂಬುದೇ ಅಧಿಕಾರಿಗಳ ರಾಗವಾಗಿತ್ತು. 2005ರ ಜುಲೈಯಲ್ಲಿ ಬೇರಾವುದೋ ಕಾರಣಕ್ಕೆ ರಾಜಧಾನಿಯ ಪೊಲೀಸ್ ಕಟ್ಟಡವೊಂದಕ್ಕೆ ಹೋದ ಮಾನವ ಹಕ್ಕುಗಳ ಕಚೇರಿಯ ಸಿಬ್ಬಂದಿಗೆ ಕಂಡದ್ದು ಛಾವಣಿಯವರೆಗೆ ಒಟ್ಟಿದ, ತೇವ ಹಿಡಿದು ಕೊಳೆಯುತ್ತಿದ್ದ ಕಾಗದದ ರಾಶಿ. ಸುಮಾರು 8 ಕೋಟಿ ಪುಟಗಳು. 1984ರಲ್ಲಿ ಕಾಣೆಯಾಗಿದ್ದ ಕಾರ್ಮಿಕ ನಾಯಕ ಫರ್ನಾಂಡೊ ಗಾರ್ಸಿಯಾ ಅವರನ್ನು ಹಿಡಿದ ಪೊಲೀಸರ ಹೆಸರುಗಳು ಅದರಲ್ಲಿ ಸಿಕ್ಕಿದ್ದು ಹೇಗೆ ಗೊತ್ತೇ? ಆ ದಿನದ ‘ಸಾಹಸ’ಕ್ಕೆ ಅವರಿಗೆ ಪದಕ ಕೊಡಬೇಕೆಂದು ಇಲಾಖೆ ಶಿಫಾರಸು ಬರೆದಿತ್ತು. 2010ರಲ್ಲಿ ಇಬ್ಬರಿಗೆ ತಲಾ 40 ವರ್ಷ ಶಿಕ್ಷೆಯಾಯಿತು. ಆಯೋಗ ನೇಮಿಸುವ ಆದೇಶಕ್ಕೆ ಸಹಿ ಬೀಳುವ ದಿನವೇ ಸಂಬಂಧಪಟ್ಟ ಕಚೇರಿಗಳ ದಾಖಲೆ ಕೋಣೆಗೆ ಬೀಗ ಹಾಕಿ ಮೊಹರು ಮಾಡಿ ಎಂದು ನಾನು ಹೇಳುವುದು ಇದಕ್ಕೇ. ‘ಬೆಂಕಿ ಆಕಸ್ಮಿಕ’ಗಳು ಇಂಥ ಕಾಲದಲ್ಲೇ ಹೆಚ್ಚು.

ಅದೇ ಗ್ವಾಟೆಮಾಲದಲ್ಲಿ ಸತ್ಯ ಆಯೋಗವಲ್ಲದ, ಆದರೆ ನಿಮಗೆ ಇಷ್ಟವಾಗಬಹುದಾದ ಇನ್ನೊಂದು ಮಾದರಿಯಿದೆ. ವಿಶ್ವಸಂಸ್ಥೆಯ ಬೆಂಬಲದ ಅಂತರರಾಷ್ಟ್ರೀಯ ಆಯೋಗವೊಂದು 2007ರಿಂದ ಅಲ್ಲಿನ ಸರ್ಕಾರಿ ವಕೀಲರ ಜೊತೆ ಕೂತು ತನಿಖೆ ಮಾಡಿತು. ಕಸ್ಟಮ್ಸ್ ಸುಂಕ ತಪ್ಪಿಸುವ ಜಾಲವೊಂದರ ದೂರವಾಣಿ ಕರೆಗಳನ್ನು ಕದ್ದಾಲಿಸಿ, 2015ರಲ್ಲಿ ಮೊದಲು ಉಪಾಧ್ಯಕ್ಷೆಯೂ ನಂತರ ಅಧ್ಯಕ್ಷನೂ ರಾಜೀನಾಮೆ ಕೊಡುವಂತೆ ಮಾಡಿತು. ಮುಂದಿನ ಅಧ್ಯಕ್ಷನ ಮನೆಯವರವರೆಗೂ ತನಿಖೆ ಬಂದಾಗ ಆತ ಅದನ್ನು ದೇಶದಿಂದ ಹೊರಹಾಕಲು ಪಟ್ಟುಹಿಡಿದ. 2019ರ ಸೆಪ್ಟೆಂಬರ್‌ನಲ್ಲಿ ಅದರ ಬಾಗಿಲು ಮುಚ್ಚಿತು. ಹಲ್ಲಿರುವ ಸಂಸ್ಥೆಯನ್ನು ಸಾಕುವುದು ಹಲ್ಲಿಲ್ಲದ್ದನ್ನು ಸಾಕುವುದಕ್ಕಿಂತ ಕಷ್ಟ.

ಯಾರನ್ನು ನೇಮಿಸುತ್ತಾರೆ, ಯಾರ ಮೇಲೆ ನೇಮಿಸುತ್ತಾರೆ ಎಂಬುದಕ್ಕೆ ಬಂದರೆ, ಫಿಲಿಪ್ಪೀನ್ಸ್‌ನ ಪಾಠ ಚಿಕ್ಕದು. 2010ರಲ್ಲಿ ಹೊಸ ಅಧ್ಯಕ್ಷ ಅಕ್ವಿನೊ ತನ್ನ ಮೊದಲ ಕಾರ್ಯಾದೇಶದಲ್ಲೇ ಭ್ರಷ್ಟಾಚಾರಕ್ಕಾಗಿಯೇ ಸತ್ಯ ಆಯೋಗ ರಚಿಸಿದರು. ಹಿಂದಿನ ಅಧ್ಯಕ್ಷೆಯ ಆಡಳಿತವನ್ನು ಮಾತ್ರ ತನಿಖೆ ಮಾಡಬೇಕು ಎಂದು ಬರೆದಿದ್ದರಿಂದ, ಇದು ಸಮಾನ ರಕ್ಷಣೆಯ ತತ್ವಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಹೊಡೆದುಹಾಕಿತು. ಕೀನ್ಯಾದ ಪಾಠ ಇದಕ್ಕಿಂತ ಕಹಿ. ಅಲ್ಲಿನ ಆಯೋಗಕ್ಕೆ 1963ರಿಂದ 2008ರವರೆಗಿನ ಆರ್ಥಿಕ ಅಪರಾಧ, ಭೂಕಬಳಿಕೆಗಳನ್ನೂ ವಹಿಸಿದ್ದರು, ನಲವತ್ತು ಸಾವಿರಕ್ಕೂ ಹೆಚ್ಚು ಹೇಳಿಕೆಗಳು ಬಂದವು. ಆಯೋಗ ತನಿಖೆ ಮಾಡಬೇಕಿದ್ದ ಘಟನೆಗಳ ಜೊತೆಗೇ ಆಯೋಗದ ಅಧ್ಯಕ್ಷರ ಹೆಸರು ತಳುಕು ಹಾಕಿಕೊಂಡು (ಅವರು ಅದನ್ನು ನಿರಾಕರಿಸಿದರು) ವರ್ಷಗಳು ವ್ಯರ್ಥವಾದವು. ಕೊನೆಗೆ ವರದಿ ಸಿದ್ಧವಾದಾಗ, ಭೂಮಿಯ ಅಧ್ಯಾಯದಲ್ಲಿ ದೇಶದ ಮೊದಲ ಅಧ್ಯಕ್ಷರ ಬಗ್ಗೆ ಇದ್ದ ಕೆಲವು ಪ್ಯಾರಾಗಳು ಒತ್ತಡದಿಂದ ಬದಲಾದವು. 2013ರ ಮೇ ತಿಂಗಳಲ್ಲಿ ಆ ವರದಿಯನ್ನು ಕೈಚಾಚಿ ಪಡೆದವರು ಹೊಸ ಅಧ್ಯಕ್ಷರು, ಅಂದರೆ ಅದೇ ಮೊದಲ ಅಧ್ಯಕ್ಷರ ಮಗ. ಆಯೋಗದ ಮೂವರು ವಿದೇಶಿ ಸದಸ್ಯರು ಬದಲಾವಣೆಯನ್ನು ಒಪ್ಪದೆ ಭಿನ್ನಮತ ಬರೆದರು. ಎರಡು ಸಾವಿರಕ್ಕೂ ಹೆಚ್ಚು ಪುಟಗಳ ವರದಿಯಲ್ಲಿ ಕೆಲವೇ ಪ್ಯಾರಾ. ಹಿಡಿದಾಟವೆಲ್ಲ ಅವಕ್ಕೇ.

ದಕ್ಷಿಣ ಆಫ್ರಿಕಾದ ಎರಡನೇ ಆಯೋಗ, ಅಂದರೆ ಆಗಲೇ ಹೇಳಿದ ಹಣದ ಆಯೋಗ, ಈ ತೊಡಕನ್ನು ಮೊದಲೇ ಬಿಡಿಸಿಕೊಂಡಿತ್ತು. ಅಧ್ಯಕ್ಷ ಜುಮಾ ಮೇಲೆಯೇ ಆರೋಪವಿದ್ದುದರಿಂದ ನ್ಯಾಯಾಧೀಶರನ್ನು ಆರಿಸುವ ಕೆಲಸ ಮುಖ್ಯ ನ್ಯಾಯಮೂರ್ತಿಗಳಿಗೆ ಹೋಯಿತು, ರೇಮಂಡ್ ಝೋಂಡೊ ಬಂದರು. 2018ರಿಂದ ನಡೆದ ವಿಚಾರಣೆಯಲ್ಲಿ ಸರ್ಕಾರಿ ಗುತ್ತಿಗೆಗಳ ಕಂಪನಿಯೊಂದರ ಮಾಜಿ ಅಧಿಕಾರಿ, ತಿಜೋರಿ ಕೋಣೆಯಲ್ಲಿ ನೋಟಿನ ಕಟ್ಟುಗಳನ್ನು ಎಣಿಸಿ ಬೂದು ಬಣ್ಣದ ಚೀಲಗಳಿಗೆ ತುಂಬುತ್ತಿದ್ದ ಕ್ರಮವನ್ನು ದಿನಗಟ್ಟಲೆ ವಿವರಿಸಿದ, ವಿಡಿಯೊವನ್ನೂ ತೋರಿಸಿದರು. ಬರಲೊಲ್ಲೆ ಎಂದ ಜುಮಾಗೆ 2021ರ ಜೂನ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ನಿಂದನೆಗಾಗಿ 15 ತಿಂಗಳ ಜೈಲು ವಿಧಿಸಿತು. ಸಮನ್ಸ್ ಎಂಬ ಕಾಗದಕ್ಕೆ ಬೆಲೆ ಬಂದದ್ದು ಆಗ. ಖರ್ಚು ಸುಮಾರು 100 ಕೋಟಿ ರ‍್ಯಾಂಡ್ ಆಯಿತು ಎಂದು ಗೊಣಗುವವರಿದ್ದಾರೆ. ಲೂಟಿಯಾದ ಮೊತ್ತದ ಪಕ್ಕದಲ್ಲಿ ಅದು ದೊಡ್ಡದೆಂದು ನನಗನಿಸುವುದಿಲ್ಲ. ಶಿಕ್ಷೆಗಳು ನಿಧಾನವಾಗುತ್ತಿವೆ ಎಂಬ ದೂರು ಮಾತ್ರ ಸತ್ಯ.

ಹೆಸರು ಹೇಳುವುದರ ಬಗ್ಗೆ ಒಂದು ಎಚ್ಚರಿಕೆ. ಎಲ್ ಸಾಲ್ವಡಾರ್‌ನ ಆಯೋಗ ಅಂತರ್ಯುದ್ಧದ ಕಾಲದ ಕೊಲೆಗಳನ್ನು ತನಿಖೆ ಮಾಡಿ, 1993ರ ಮಾರ್ಚ್ 15ರಂದು ತಪ್ಪಿತಸ್ಥರ ಹೆಸರು ಹಿಡಿದು ವರದಿ ಕೊಟ್ಟಿತು. ಐದೇ ದಿನದಲ್ಲಿ ಸಂಸತ್ತು ಎಲ್ಲರಿಗೂ ಕ್ಷಮಾದಾನದ ಕಾನೂನು ಪಾಸು ಮಾಡಿತು, ಅದು ರದ್ದಾಗಲು 2016 ಬರಬೇಕಾಯಿತು. ಲೈಬೀರಿಯಾದ ಆಯೋಗ, ಅಧಿಕಾರದಲ್ಲಿದ್ದ ಅಧ್ಯಕ್ಷೆಯೂ ಸೇರಿದಂತೆ ಹಲವರು 30 ವರ್ಷ ಸಾರ್ವಜನಿಕ ಹುದ್ದೆ ಹಿಡಿಯಬಾರದು ಎಂದಿತು. ಅವರ ವಾದ ಕೇಳುವ ಸರಿಯಾದ ಕ್ರಮವಿಲ್ಲದೆ ಹೀಗೆ ಶಿಕ್ಷಿಸಲಾಗದು ಎಂದು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆರೋಪಿತರಿಗೆ ನೋಟಿಸ್ ಕೊಡಿ, ಪಾಟೀಸವಾಲಿಗೆ ಅವಕಾಶ ಕೊಡಿ. ಭ್ರಷ್ಟರ ಮೇಲಿನ ಕರುಣೆಯಿಂದಲ್ಲ, ನಾಳೆ ಅದೇ ನೆಪದಲ್ಲಿ ಅವರು ತಪ್ಪಿಸಿಕೊಳ್ಳಬಾರದೆಂದು.

ಕೊನೆಯದಾಗಿ, ಎಷ್ಟು ಕಾಲ? ಬೇಗ ಆದದ್ದೂ ಇದೆ. ಅರ್ಜೆಂಟೀನಾದ ಆಯೋಗ 1983ರ ಡಿಸೆಂಬರ್‌ನಲ್ಲಿ ಹುಟ್ಟಿ ಮರುವರ್ಷ ಸೆಪ್ಟೆಂಬರ್‌ನಲ್ಲಿ ಕಾಣೆಯಾದ 8,960 ಜನರ ದಾಖಲೆಯೊಂದಿಗೆ ವರದಿ ಕೊಟ್ಟಿತು. ಆ ಕಡತಗಳನ್ನೇ ಇಟ್ಟುಕೊಂಡು ಸರ್ಕಾರಿ ವಕೀಲರು 1985ರಲ್ಲಿ ಮೊಕದ್ದಮೆ ನಡೆಸಿದರು, ಅದೇ ಡಿಸೆಂಬರ್‌ನಲ್ಲಿ ಸೇನಾಡಳಿತದ ಮುಖ್ಯಸ್ಥ ವಿದೇಲಾಗೆ ಜೀವಾವಧಿಯಾಯಿತು. ಮುಂದೆ ಕ್ಷಮಾದಾನ, ಅದರ ರದ್ದತಿ ಎಂದು ದಶಕಗಳ ಹಗ್ಗಜಗ್ಗಾಟ ನಡೆಯಿತು, ಆದರೆ ಮೊದಲ ಎರಡು ವರ್ಷಗಳ ವೇಗ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕಾರಣ ಸರಳ. ಆಯೋಗದ ಕಪಾಟಿನಿಂದ ಕಡತ ನೇರವಾಗಿ ಪ್ರಾಸಿಕ್ಯೂಷನ್ ಮೇಜಿಗೆ ಹೋಯಿತು.

ದಕ್ಷಿಣ ಆಫ್ರಿಕಾದಲ್ಲಿ ಹಾಗಾಗಲಿಲ್ಲ. ಕ್ಷಮಾದಾನ ಸಿಗದವರ, ಕೇಳದವರ ಸುಮಾರು 300 ಪ್ರಕರಣಗಳನ್ನು ಟುಟು ಆಯೋಗ ಹಸ್ತಾಂತರಿಸಿತ್ತು. ಅವು ಕೊಳೆತವು. ಏಕೆ ಕೊಳೆತವು, ಯಾರು ತಡೆದರು ಎಂದು ತನಿಖೆ ಮಾಡಲು 2025ರಲ್ಲಿ ಮತ್ತೊಂದು ಆಯೋಗ ನೇಮಕವಾಗಿದೆ. ಅಹ್ಮದ್ ಟಿಮೋಲ್ ಎಂಬ ಶಿಕ್ಷಕ 1971ರಲ್ಲಿ ಜೊಹಾನ್ಸ್‌ಬರ್ಗ್‌ನ ಪೊಲೀಸ್ ಕಟ್ಟಡದ ಹತ್ತನೇ ಮಹಡಿಯಿಂದ ಬಿದ್ದು ಸತ್ತಾಗ ಅದನ್ನು ಆತ್ಮಹತ್ಯೆ ಎಂದು ಬರೆದಿದ್ದರು. ಅವರ ತಾಯಿ 1996ರಲ್ಲಿ ಆಯೋಗದ ಮುಂದೆ ಬಂದು ನಿಜ ತಿಳಿಯಬೇಕು ಎಂದರು. 2017ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಇದು ಕೊಲೆ ಎಂದು ಹೇಳಿದಾಗ ಆ ತಾಯಿ ಇರಲಿಲ್ಲ. ಅಂದು ಆ ಕೋಣೆಯಲ್ಲಿದ್ದೆ ಎಂದು ಒಪ್ಪಿಕೊಂಡಿದ್ದ ಪೊಲೀಸ್ ಗುಮಾಸ್ತನ ಮೇಲೆ 2018ರಲ್ಲಿ ಕೊಲೆ ಆರೋಪ ಹೊರಿಸಿದರು. ಇಷ್ಟು ತಡವಾಗಿ ಮೊಕದ್ದಮೆ ನಡೆಸುವುದು ಅನ್ಯಾಯ ಎಂದು ಆತ ಮೇಲ್ಮನವಿಯ ಮೇಲೆ ಮೇಲ್ಮನವಿ ಹಾಕಿದ. ವಿಚಾರಣೆ ಶುರುವಾಗುವ ಮೊದಲೇ, 2021ರ ಸೆಪ್ಟೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡ.